ಜಾತಿನಾಯಿ, ಕಂತ್ರಿನಾಯಿ ಮತ್ತು ಲ್ಯಾಬ್ರಡೂಡಲ್



ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ ಬಂದಿತು. ಆತ ಈಗ ಇಂಗ್ಲೆಂಡಿನಲ್ಲಿ ನೆಲೆಸಿದ್ದಾನೆ. ಅವನ ಹತ್ತು ವರ್ಷದ ಮಗಳು ನಾಯಿಮರಿ ಬೇಕೆಂದು ಎರಡು ವರ್ಷಗಳಿಂದ ಹಠ ಹಿಡಿದಿದ್ದಾಳೆ. ಆ ಮಗುವಿಗೆ ಚಿಕ್ಕಂದಿನಿಂದಲೂ ಉಬ್ಬಸ. "ಸರ್, ಪೂಡಲ್ ಬೆರಕೆಯ ನಾಯಿಯಾದರೆ ಅಲರ್ಜಿಯ ಭಯವಿಲ್ಲ ಎಂದು ಮಾರುವವರು ಹೇಳುತ್ತಾರೆ. ಅವೆಲ್ಲ ರೋಗಿಷ್ಠ ನಾಯಿಗಳು, ತಲೆಕೆಟ್ಟ ನಾಯಿಗಳು ಎಂದು ಇನ್ನು ಕೆಲವರು ಹೇಳುತ್ತಾರೆ. ನಿಮ್ಮ ಮಗಳ ಮನೆಯಲ್ಲಿ ಅಂಥದ್ದೊಂದು ಇತ್ತೆಂದು ಕೇಳಿದ್ದೆ. ನಿಮ್ಮ ಅಭಿಪ್ರಾಯವೇನು?" ಎಂದು ಬರೆದಿದ್ದ. ಅವನಿಗೆ ನಾಲ್ಕು ಸಾಲಿನ ಉತ್ತರವನ್ನು ಅಂದೇ ಬರೆದೆ. ಆದರೆ ಈ ವಿಷಯದಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ನಾಲ್ಕು ಸಾಲಿನಲ್ಲಿ ಒಪ್ಪಿಕೊಳ್ಳಲಾಗದು. ಆದುದರಿಂದ ಈ ದೀರ್ಘ ಬರಹ.

ಮೊದಲು ಈ ನಾಯಿಗಳು ಯಾವುವೆಂಬುದನ್ನು ಊರಲ್ಲಿರುವವರಿಗಾಗಿ ಹೇಳುತ್ತೇನೆ. ಲ್ಯಾಬ್ರಡಾರ್ ಮತ್ತು ಪೂಡಲ್ ಸೇರಿ ಲ್ಯಾಬ್ರಡೂಡಲ್. ಗೋಲ್ಡನ್ ರಿಟ್ರೀವರ್ ಮತ್ತು ಪೂಡಲ್ ಸೇರಿ ಗೋಲ್ಡನ್‌ಡೂಡಲ್. ಕಾಕರ್ ಸ್ಪ್ಯಾನಿಯಲ್ ಸೇರಿದರೆ ಕಾಕಪೂ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಸೇರಿದರೆ ಇಂಗ್ಲೆಂಡಿನಲ್ಲಿ ಕವಾಪೂ, ಆಸ್ಟ್ರೇಲಿಯಾದಲ್ಲಿ ಕವೂಡಲ್. ನಮ್ಮ ವ್ಯಾಕರಣದ ಲೋಪಸಂಧಿ ಆಗಮಸಂಧಿಗಳಾವುವೂ ಇಲ್ಲಿ ನಡೆಯುವುದಿಲ್ಲ. ಎರಡು ಹೆಸರುಗಳನ್ನು ಕತ್ತರಿಸಿ ಅಂಟಿಸಿದರೆ ಹೊಸ ನಾಯಿ ಸಿದ್ಧ! ಮೆಲ್ಬರ್ನ್ ನಗರದ ಉದ್ಯಾನಗಳಲ್ಲಿ ಸಂಜೆ ಅಡ್ಡಾಡಲು ಹೋದರೆ ಕಾಲಿಗೊಂದು ಕೈಗೊಂದು ಸಿಗುತ್ತವೆ. ಗುಂಗುರು ಕೂದಲು, ಗುಂಡಿಯಂಥ ಕಣ್ಣು, ಮುಖದ ತುಂಬ ಮೀಸೆ ಗಡ್ಡ. ಅಂಗಡಿಯ ಬೊಂಬೆಗೆ ಜೀವ ಬಂದು ಓಡಾಡಿದಂತೆ ಕಾಣುವ ಈ ಪ್ರಾಣಿಯನ್ನು ಕಂಡು ಮಕ್ಕಳು ಮನಸೋಲುವುದು ಆಶ್ಚರ್ಯವಲ್ಲ. ಮುದುಕನಾದ ನಾನೇ ಸೋತಿದ್ದೆ.

ಪೂಡಲ್ ಎಂದರೆ ಶ್ರೀಮಂತ ಹೆಂಗಸರ ಮಡಿಲಲ್ಲಿ ಕುಳಿತಿರುವ ಅಲಂಕಾರದ ನಾಯಿ ಎಂದು ನಾವು ತಿಳಿದಿರುತ್ತೇವೆ. ಮೂಲತಃ ಅದು ನೀರಿಗೆ ಬಿದ್ದ ಬಾತುಕೋಳಿಗಳನ್ನು ಈಜಿ ತರುವ ಬೇಟೆನಾಯಿ. ನೀರಿನಲ್ಲಿ ಪಚಪಚನೆ ಆಡುವುದೆಂಬ ಅರ್ಥದ ಜರ್ಮನ್ ಮಾತಿನಿಂದ ಆ ಹೆಸರು ಬಂದಿದೆ. ಈಜಲು ತೊಡಕಾಗದಂತೆ ಮೈಯ ಕೂದಲನ್ನು ಕತ್ತರಿಸಿ, ಎದೆಗೂ ಕೀಲುಗಳಿಗೂ ತಂಡಿ ತಾಗದಿರಲೆಂದು ಅಲ್ಲಲ್ಲಿ ಉಳಿಸುತ್ತಿದ್ದರು. ಅದೇ ಮುಂದೆ ಶೃಂಗಾರವಾಯಿತು. ನಾಯಿಗಳಲ್ಲಿ ಅತಿ ಬುದ್ಧಿವಂತ ತಳಿಗಳ ಸಾಲಿನಲ್ಲಿ ಇದರ ಹೆಸರಿದೆ. ಅಮೆರಿಕದ ಕೆನಲ್ ಕ್ಲಬ್ಬಿನ ದಾಖಲೆಯಲ್ಲಿ 1960ರಿಂದ 1982ರವರೆಗೆ ಅತ್ಯಂತ ಜನಪ್ರಿಯ ತಳಿ ಇದೇ. 1991ರಿಂದ 2021ರವರೆಗೆ ಆ ಸ್ಥಾನ ಲ್ಯಾಬ್ರಡಾರ್‌ನದು. ಹೀಗೆ ಎರಡು ಕಾಲದ ಎರಡು ಅಚ್ಚುಮೆಚ್ಚಿನ ನಾಯಿಗಳನ್ನು ಕೂಡಿಸಿದರೆ ಹುಟ್ಟುವ ಮರಿಗೆ ಗಿರಾಕಿಗಳಿಗೇನು ಕೊರತೆ?

ಆದರೆ ಮೊದಲ ಬಾರಿಗೆ ಇದನ್ನು ಪ್ರಸಿದ್ಧಿಗೆ ತಂದವರ ಮನಸ್ಸಿನಲ್ಲಿ ಗಿರಾಕಿಗಳಿರಲಿಲ್ಲ. 1980ರ ದಶಕದ ಕೊನೆಯ ಮಾತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ತರಬೇತುಗೊಳಿಸುವ ರಾಯಲ್ ಗೈಡ್ ಡಾಗ್ಸ್ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಎಂಬವರು ತಳಿ ಅಭಿವೃದ್ಧಿಯ ಹೊಣೆ ಹೊತ್ತಿದ್ದರು. ಹವಾಯಿ ದ್ವೀಪದಿಂದ ಒಬ್ಬ ಅಂಧ ಮಹಿಳೆಯ ಕೋರಿಕೆ ಬಂದಿತು. ಆಕೆಗೆ ಮಾರ್ಗದರ್ಶಿ ನಾಯಿ ಬೇಕು; ಆದರೆ ಆಕೆಯ ಪತಿಗೆ ನಾಯಿಯ ಕೂದಲೆಂದರೆ ಅಲರ್ಜಿ. ಕೂದಲು ಉದುರದ ಪೂಡಲ್ ಸರಿಹೋದೀತೆಂದು ಕಾನ್ರನ್ ಹಲವಾರು ಪೂಡಲ್‌ಗಳನ್ನು ಪರೀಕ್ಷಿಸಿದರು. ಯಾವುದಕ್ಕೂ ಆ ಕೆಲಸದ ಸ್ವಭಾವವಿರಲಿಲ್ಲ. ಕೊನೆಗೆ ತಮ್ಮಲ್ಲಿದ್ದ ಲ್ಯಾಬ್ರಡಾರ್ ಒಂದನ್ನು ಪೂಡಲ್‌ನೊಡನೆ ಕೂಡಿಸಿದರು. ಮೂರು ಮರಿಗಳು ಹುಟ್ಟಿದವು. ಅವುಗಳ ಕೂದಲನ್ನೂ ಜೊಲ್ಲನ್ನೂ ಹವಾಯಿಗೆ ಕಳುಹಿಸಿ ಆ ಮನುಷ್ಯನ ಮೈಗೆ ಒಗ್ಗುವುದೋ ಇಲ್ಲವೋ ನೋಡಿದರು. ಮೂರರಲ್ಲಿ ಒಂದು ಮಾತ್ರ ಒಗ್ಗಿತು. ಸುಲ್ತಾನ್ ಎಂಬ ಹೆಸರಿನ ಆ ನಾಯಿ ಹವಾಯಿಗೆ ಹೋಗಿ ತನ್ನ ಕೆಲಸವನ್ನು ಚೆನ್ನಾಗಿ ಮಾಡಿತು.

ಈ ಕಥೆಯಲ್ಲಿ "ಮೂರರಲ್ಲಿ ಒಂದು" ಎಂಬ ಮಾತನ್ನು ಗುರುತು ಹಾಕಿಟ್ಟುಕೊಳ್ಳಿರಿ. ಮುಂದೆ ಅದು ಬೇಕಾಗುತ್ತದೆ.

ಉಳಿದ ಮರಿಗಳನ್ನು ತರಬೇತಿಗಾಗಿ ಸಾಕಲು ಯಾರೂ ಮುಂದೆ ಬರಲಿಲ್ಲ. ಸರದಿಯಲ್ಲಿದ್ದವರಿಗೆಲ್ಲ ಶುದ್ಧ ತಳಿಯ ನಾಯಿಯೇ ಬೇಕಿತ್ತು, ಬೆರಕೆ ಬೇಡವಾಗಿತ್ತು. ಆಗ ಕಾನ್ರನ್ ಒಂದು ಉಪಾಯ ಮಾಡಿದರು. ಬೆರಕೆ ಎನ್ನುವುದರ ಬದಲು "ಲ್ಯಾಬ್ರಡೂಡಲ್ ಎಂಬ ವಿಶೇಷ ನಾಯಿ" ಎಂದು ಪತ್ರಿಕೆಯವರಿಗೆ ತಿಳಿಸುವಂತೆ ಸಂಸ್ಥೆಯ ಪ್ರಚಾರ ವಿಭಾಗಕ್ಕೆ ಹೇಳಿದರು. ಆ ಪದ 1955ರಷ್ಟು ಹಿಂದೆಯೇ ವೇಗದ ದೋಣಿಗಳಿಗೆ ಪ್ರಸಿದ್ಧನಾದ ಡೊನಾಲ್ಡ್ ಕ್ಯಾಂಪ್‌ಬೆಲ್‌ನ ಪುಸ್ತಕದಲ್ಲಿ ಬಂದಿತ್ತಾದರೂ ಜನರ ಬಾಯಿಗೆ ಬಿದ್ದುದು ಈಗ. ಫೋನುಗಳು ಒಂದೇ ಸಮನೆ ಬಾರಿಸತೊಡಗಿದವು. ನಾಯಿ ಅದೇ, ಹೆಸರು ಮಾತ್ರ ಹೊಸದು. ನಿನ್ನೆ ಬೇಡವಾಗಿದ್ದ ಮರಿ ಇಂದು ಎಲ್ಲರಿಗೂ ಬೇಕಾಯಿತು.

2009ರಲ್ಲಿ ಬರಾಕ್ ಒಬಾಮ ಅಮೆರಿಕದ ಅಧ್ಯಕ್ಷರಾದಾಗ ತಮ್ಮ ಅಲರ್ಜಿಯಿರುವ ಮಗಳಿಗಾಗಿ ಲ್ಯಾಬ್ರಡೂಡಲ್ ಅಥವಾ ಪೋರ್ಚುಗೀಸ್ ವಾಟರ್ ಡಾಗ್ ತರುವ ಯೋಚನೆಯಿದೆ ಎಂದರು. ಕೊನೆಗೆ ಬಂದುದು ಎರಡನೆಯ ಜಾತಿಯ ನಾಯಿಯಾದರೂ, ಅಷ್ಟು ದೊಡ್ಡ ಬಾಯಿಂದ ಹೆಸರು ಬಂದ ಮೇಲೆ ಕೇಳಬೇಕೆ? ಇತ್ತ ಕಾನ್ರನ್ ಮಾತ್ರ ಕೊರಗುತ್ತಿದ್ದರು. 2019ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಪ್ರಸಾರ ಸಂಸ್ಥೆಯೊಡನೆ ಮಾತನಾಡುತ್ತ, ಈ ನಾಯಿಯನ್ನು ಹುಟ್ಟಿಸಿದ್ದು ತಮ್ಮ ಬಾಳಿನ ದೊಡ್ಡ ಪಶ್ಚಾತ್ತಾಪವೆಂದರು. ತಾವು ಫ್ರಾಂಕೆನ್‌ಸ್ಟೈನನಂತೆ ಒಂದು ಭೂತವನ್ನು ಬಿಡುಗಡೆ ಮಾಡಿದೆವೆಂದೂ, ಹಣದಾಸೆಯ ಜನ ಕಂಡಕಂಡ ನಾಯಿಗಳನ್ನು ಪೂಡಲ್‌ನೊಡನೆ ಕೂಡಿಸುತ್ತಿದ್ದಾರೆಂದೂ, ಹೆಚ್ಚಿನ ಲ್ಯಾಬ್ರಡೂಡಲ್‌ಗಳಿಗೆ ತಲೆ ಸರಿಯಿರುವುದಿಲ್ಲ ಇಲ್ಲವೆ ವಂಶದ ಕಾಯಿಲೆಯಿರುತ್ತದೆ ಎಂದೂ ಹೇಳಿದರು. ಹುಟ್ಟಿಸಿದವನೇ ಹೀಗೆಂದ ಮೇಲೆ ವಿರೋಧಿಗಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಇನ್ನು ನಮ್ಮ ಮನೆಯ ಕಥೆ. 2018ರ ಆರಂಭದಲ್ಲಿ ಮೆಲ್ಬರ್ನ್‌ನಿಂದ ಮಗಳು ಫೋನು ಮಾಡಿದಳು. ಮೊಮ್ಮಗಳಿಗಾಗ ಒಂಬತ್ತು ವರ್ಷ. ಅವಳಿಗೂ ಆಗಾಗ ಉಬ್ಬಸ ಬರುತ್ತಿತ್ತು. "ಅಪ್ಪಾ, ಲ್ಯಾಬ್ರಡೂಡಲ್ ತರೋಣವೆಂದು ಯೋಚಿಸುತ್ತಿದ್ದೇವೆ. ಕೂದಲು ಉದುರುವುದಿಲ್ಲವಂತೆ, ಅಲರ್ಜಿಯಾಗುವುದಿಲ್ಲವಂತೆ. ನೀವೇನು ಹೇಳುತ್ತೀರಿ?" ಎಂದಳು. ಮೂವತ್ತಾರು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿದವನು ನಾನು. ಫೋನಿನಲ್ಲಿಯೇ ಪಾಠ ಆರಂಭಿಸಿದೆ. ಸಂಕರ ತಳಿಗೆ ಹುರುಪು ಹೆಚ್ಚು, ಎರಡೂ ಕಡೆಯ ಒಳ್ಳೆಯ ಗುಣಗಳು ಬರುತ್ತವೆ, ಕೂದಲು ಉದುರದಿದ್ದರೆ ಅಲರ್ಜಿ ಎಲ್ಲಿಂದ ಬರಬೇಕು, ಧೈರ್ಯವಾಗಿ ತನ್ನಿ ಎಂದೆ. ಮಗಳು ಆಮೇಲೆ ಹೇಳಿದಳು: ಅಳಿಯನಿಗೆ ಇನ್ನೂ ಅನುಮಾನವಿತ್ತಂತೆ, "ನಿಮ್ಮ ತಂದೆಯೇ ಹೇಳಿದ ಮೇಲೆ ಇನ್ನೇನು" ಎಂದು ಒಪ್ಪಿಕೊಂಡನಂತೆ.

ಮೂರು ಸಾವಿರ ಡಾಲರು ಕೊಟ್ಟು ಮರಿ ತಂದರು. ನಮ್ಮ ಲೆಕ್ಕದಲ್ಲಿ ನನ್ನ ಐದಾರು ತಿಂಗಳ ಪಿಂಚಣಿ. ಮಾರಿದವರು ಅಲರ್ಜಿಯ ಬಗ್ಗೆ ನೂರಕ್ಕೆ ನೂರು ಭರವಸೆ ಕೊಟ್ಟಿದ್ದರು. ಮೊಮ್ಮಗಳು ಅದಕ್ಕೆ ಲಡ್ಡು ಎಂದು ಹೆಸರಿಟ್ಟಳು. ಏಪ್ರಿಲ್‌ನಲ್ಲಿ ನಾನು ಅಲ್ಲಿಗೆ ಹೋದಾಗ ಲಡ್ಡು ಬಾಗಿಲಲ್ಲಿಯೇ ನನ್ನ ಪಂಚೆಯ ಅಂಚನ್ನು ಹಿಡಿದೆಳೆದು ಸ್ವಾಗತಿಸಿತು. ಒಂದೇ ತಿಂಗಳಲ್ಲಿ ಮಗುವಿನ ಕಣ್ಣು ಕೆಂಪಾಗತೊಡಗಿತು. ರಾತ್ರಿ ಕೆಮ್ಮು. ಹವಾಮಾನ ತಂಡಿಯೆಂದು ನಾವು ಸಮಾಧಾನ ಹೇಳಿಕೊಂಡೆವು. ಜುಲೈ ತಿಂಗಳ ಒಂದು ರಾತ್ರಿ ಉಬ್ಬಸ ಏರಿ, ಉಸಿರೆಳೆಯಲಾರದೆ ಮಗು ನೀಲಿಗಟ್ಟುವಂತಾಯಿತು, ಆಂಬುಲೆನ್ಸ್ ಕರೆಸಬೇಕಾಯಿತು. ವೈದ್ಯರು ಚರ್ಮದ ಪರೀಕ್ಷೆ ಮಾಡಿಸಿ, ನಾಯಿಯೇ ಕಾರಣವೆಂದರು. ಅಷ್ಟರಲ್ಲಿ ಲಡ್ಡುವಿನ ಮುಖದ ಗಡ್ಡಮೀಸೆಗಳೂ ಮಾಯವಾಗಿ, ಅದು ನುಣುಪು ಮೋರೆಯ ಲ್ಯಾಬ್ರಡಾರ್‌ನಂತೆಯೇ ಕಾಣತೊಡಗಿತ್ತು. ಮನೆಯ ಗಾಲೀಚಿನ ಮೇಲೆಲ್ಲ ಕೂದಲು.

ಆಗಸ್ಟ್‌ನಲ್ಲಿ ಮಗಳ ಸಹೋದ್ಯೋಗಿಯೊಬ್ಬರ ಮನೆಗೆ ಲಡ್ಡುವನ್ನು ಕೊಟ್ಟೆವು. ಅವರು ಬಂದು ಕಾರಿನಲ್ಲಿ ಕೂರಿಸಿಕೊಂಡಾಗ ಅದು ತಿರುಗಾಟಕ್ಕೆ ಹೊರಟೆವೆಂದು ತಿಳಿದು ಬಾಲ ಅಲ್ಲಾಡಿಸುತ್ತಲೇ ಹೋಯಿತು. ಮೊಮ್ಮಗಳು ಅಳಲಿಲ್ಲ. ಒಳಗೆ ಬಂದು, "ಅಜ್ಜ, ನೀವು ಸೈನ್ಸ್ ಟೀಚರ್ ಅಲ್ಲವಾ? ನಿಮಗೆ ಗೊತ್ತಿರಲಿಲ್ಲವಾ?" ಎಂದು ಕೇಳಿದಳು. ನನ್ನ ಸೇವೆಯ ಅವಧಿಯಲ್ಲಿ ಯಾವ ಇನ್‌ಸ್ಪೆಕ್ಟರನ ಪ್ರಶ್ನೆಗೂ ನಾನು ಹಾಗೆ ತಲೆ ತಗ್ಗಿಸಿ ನಿಂತಿರಲಿಲ್ಲ.

ಗೊತ್ತಿರಬೇಕಾಗಿತ್ತು. ಪುಸ್ತಕ ತೆರೆದು ನೋಡಬೇಕಾಗಿತ್ತು. ಆಮೇಲೆ ನೋಡಿದೆ. ಅದನ್ನೇ ಈಗ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ಅಲರ್ಜಿಯ ವಿಚಾರ. ನಾಯಿಯ ಅಲರ್ಜಿಗೆ ಕೂದಲು ಕಾರಣವೆಂಬುದೇ ತಪ್ಪು ತಿಳಿವಳಿಕೆ. ನಾಯಿಯ ಜೊಲ್ಲಿನಲ್ಲಿಯೂ ಚರ್ಮದ ಹೊಟ್ಟಿನಲ್ಲಿಯೂ ಇರುವ ಕೆಲವು ಪ್ರೋಟೀನುಗಳು ಅದಕ್ಕೆ ಕಾರಣ. ಅವುಗಳಲ್ಲಿ ಮುಖ್ಯವಾದುದಕ್ಕೆ ಕ್ಯಾನ್ ಎಫ್ 1 ಎಂದು ಹೆಸರು. ನಾಯಿ ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಮೆತ್ತುತ್ತದೆ, ಒಣಗಿ ಧೂಳಾಗಿ ಗಾಳಿಗೆ ಸೇರುತ್ತದೆ. ಕೂದಲು ಉದುರದ ನಾಯಿಗೂ ಜೊಲ್ಲಿದೆ, ಚರ್ಮವಿದೆ. 2011ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಸಂಶೋಧಕರು ನಾಯಿಯಿರುವ ಮನೆಗಳ ಧೂಳನ್ನು ಪರೀಕ್ಷಿಸಿದಾಗ, ಅಲರ್ಜಿ ತರುವುದಿಲ್ಲವೆಂಬ ಖ್ಯಾತಿಯ ತಳಿಗಳ ಮನೆಗೂ ಉಳಿದವುಗಳ ಮನೆಗೂ ವ್ಯತ್ಯಾಸ ಕಾಣಲಿಲ್ಲ. 2012ರಲ್ಲಿ ನೆದರ್‌ಲ್ಯಾಂಡ್ಸ್ ದೇಶದಲ್ಲಿ ನಡೆದ ಅಧ್ಯಯನದಲ್ಲಿ ಲ್ಯಾಬ್ರಡೂಡಲ್, ಪೂಡಲ್ ಮೊದಲಾದ ನಾಯಿಗಳ ಕೂದಲಿನಲ್ಲಿಯೇ ಆ ಪ್ರೋಟೀನು ಹೆಚ್ಚಾಗಿ ಸಿಕ್ಕಿತು. ಒಂದು ತಳಿಯೊಳಗಿನ ನಾಯಿನಾಯಿಗೂ ಬಹಳ ವ್ಯತ್ಯಾಸವಿತ್ತು. ಅಂದರೆ ಯಾವುದೋ ಒಂದು ನಾಯಿ ಯಾರೋ ಒಬ್ಬರಿಗೆ ಒಗ್ಗಬಹುದು. ಒಂದು ತಳಿ ಎಲ್ಲರಿಗೂ ಒಗ್ಗುತ್ತದೆ ಎನ್ನಲಾಗದು. ಈಗ ಕಾನ್ರನ್ ಅವರ ಮೂರು ಮರಿಗಳನ್ನು ನೆನೆಯಿರಿ. ಒಂದೇ ಸೂಲಿನಲ್ಲಿ ಹುಟ್ಟಿದ ಮೂರರಲ್ಲಿ ಒಗ್ಗಿದ್ದು ಒಂದು. ಆತ ಜೊಲ್ಲು ಕಳುಹಿಸಿ ಪರೀಕ್ಷೆ ಮಾಡಿದ್ದು ಇದೇ ಕಾರಣಕ್ಕಾಗಿ. ಮುಂದಿನ ವ್ಯಾಪಾರಿಗಳು ಆತನ ನಾಯಿಯನ್ನು ತೆಗೆದುಕೊಂಡರು, ಪರೀಕ್ಷೆಯನ್ನು ಬಿಟ್ಟರು.

ಎರಡನೆಯದು ಕೂದಲಿನ ವಿಚಾರ. ಹತ್ತನೆಯ ತರಗತಿಯಲ್ಲಿ ಮೆಂಡೆಲನ ಬಟಾಣಿ ಗಿಡಗಳ ಪಾಠ ಹೇಳುವಾಗ ಕರಿಹಲಗೆಯ ಮೇಲೆ ನಾಲ್ಕು ಮನೆಗಳ ಚೌಕ ಬರೆಯುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಎತ್ತರದ ಗಿಡಕ್ಕೂ ಕುಳ್ಳ ಗಿಡಕ್ಕೂ ಸಂಕರ ಮಾಡಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ಎತ್ತರ. ಅವುಗಳನ್ನೇ ಮತ್ತೆ ಕೂಡಿಸಿದರೆ ಎರಡನೆಯ ಪೀಳಿಗೆಯಲ್ಲಿ ನಾಲ್ಕರಲ್ಲಿ ಒಂದು ಕುಳ್ಳ. ನಾಯಿಯ ಮೀಸೆಗಡ್ಡವೂ ಹಾಗೆಯೇ. ತಳಿಗಳಲ್ಲಿ ಕಾಣುವ ಕೂದಲಿನ ವೈವಿಧ್ಯದ ಬಹುಪಾಲು ಮೂರೇ ಜೀನುಗಳಿಂದ ಆಗುತ್ತದೆಂದು 2009ರಲ್ಲಿ ವಿಜ್ಞಾನಿಗಳು ತೋರಿಸಿದರು: ಒಂದು ಗಡ್ಡಮೀಸೆಗೆ, ಒಂದು ಉದ್ದಕ್ಕೆ, ಒಂದು ಗುಂಗುರಿಗೆ. ಗಡ್ಡಮೀಸೆಯ ಗುಣ ಪ್ರಬಲ. ಆದುದರಿಂದ ಲ್ಯಾಬ್ರಡಾರ್‌ಗೂ ಪೂಡಲ್‌ಗೂ ಹುಟ್ಟಿದ ಮೊದಲ ಪೀಳಿಗೆಯ ಮರಿಗಳಿಗೆಲ್ಲ ಗಡ್ಡಮೀಸೆ ಇರುತ್ತದೆ. ಆ ಮರಿಗಳನ್ನೇ ತಮ್ಮತಮ್ಮೊಳಗೆ ಕೂಡಿಸಿದರೆ ನಾಲ್ಕರಲ್ಲಿ ಒಂದು ನುಣುಪು ಮೋರೆಯದು, ಲ್ಯಾಬ್ರಡಾರ್‌ನಂತೆ ಕೂದಲುದುರಿಸುವುದು. ಲಡ್ಡುವಿನ ತಾಯಿ ತಂದೆ ಎರಡೂ ಲ್ಯಾಬ್ರಡೂಡಲ್‌ಗಳೆಂದು ಆಮೇಲೆ ಕೇಳಿ ತಿಳಿದೆವು. ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಚೌಕದ ನಾಲ್ಕನೆಯ ಮನೆಯೇ ಲಡ್ಡುವಾಗಿ ಬಂದು ನನ್ನ ಪಂಚೆ ಹಿಡಿದೆಳೆದಿತ್ತು!

ಇದನ್ನು ನಮ್ಮ ಹಾವೇರಿ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ಎಂಬ ಸಂಕರ ಹತ್ತಿ 1972ರಲ್ಲಿ ಬಂದಾಗಿನಿಂದ ಅವರಿಗೆ ಗೊತ್ತು. ಮೊದಲ ವರ್ಷದ ಬೆಳೆ ಹೊಲ ತುಂಬ ಒಂದೇ ಸಮ. ಅದರದೇ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರ ಎಳೆ ಉದ್ದ, ಇನ್ನೊಂದರದು ತುಂಡು. ಆದುದರಿಂದಲೇ ಪ್ರತಿವರ್ಷ ಹೊಸ ಬೀಜ, ಪ್ರತಿವರ್ಷ ಹೂವಿನ ಕ್ರಾಸಿಂಗ್ ಕೆಲಸ. ಆ ದಿನಗಳಲ್ಲಿ ನನ್ನ ತರಗತಿಯ ಅರ್ಧ ಬೆಂಚುಗಳು ಖಾಲಿಯಿರುತ್ತಿದ್ದುದನ್ನು ನಾನು ಮರೆತಿಲ್ಲ. ಆಗ ಗೈರುಹಾಜರಾದವರು ಇದನ್ನು ಓದುತ್ತಿದ್ದರೆ, ಮೆಂಡೆಲನ ಪಾಠವನ್ನು ನನಗಿಂತ ಚೆನ್ನಾಗಿ ನೀವೇ ಕಲಿತಿದ್ದಿರಿ ಎಂದು ಈಗ ಒಪ್ಪುತ್ತೇನೆ. ಹತ್ತಿ ಬೀಜಕ್ಕೆ ಅನ್ವಯಿಸುವ ನಿಯಮ ನಾಯಿಮರಿಗೂ ಅನ್ವಯಿಸುತ್ತದೆಂದು ಫೋನಿನಲ್ಲಿ ಮಾತನಾಡುವಾಗ ನನಗೆ ಹೊಳೆಯಲಿಲ್ಲ.

ಕೂದಲನ್ನು ಸ್ಥಿರಗೊಳಿಸಲು ಕೆಲವರು ಮತ್ತೆಮತ್ತೆ ಪೂಡಲ್‌ನೊಡನೆಯೇ ಕೂಡಿಸುತ್ತ ಹೋದರು. 2020ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನದಲ್ಲಿ, ಆಸ್ಟ್ರೇಲಿಯನ್ ಲ್ಯಾಬ್ರಡೂಡಲ್ ಎಂದು ಹಲವು ಪೀಳಿಗೆ ಸಾಕಿಕೊಂಡು ಬಂದ ನಾಯಿಗಳಲ್ಲಿ ಪೂಡಲ್‌ನ ಅಂಶವೇ ಬಹುಪಾಲು ಎಂದು ಕಂಡುಬಂತು. ಇದೂ ಒಂದು ತಮಾಷೆ. ಉದುರದ ಕೂದಲು ಬೇಕೆಂದು ಹೋಗಿ ಹೋಗಿ ಜನ ತಲುಪಿದ್ದು ಪೂಡಲ್‌ನ ಹತ್ತಿರಕ್ಕೇ.

ಮೂರನೆಯದು ಆರೋಗ್ಯ. ಇಲ್ಲಿ ಎರಡೂ ಪಕ್ಷದವರು ಕೂಗಾಡುತ್ತಾರೆ. ಬೆರಕೆ ನಾಯಿ ಗಟ್ಟಿಮುಟ್ಟು ಎಂದು ಮಾರುವವರು. ಬೆರಕೆಯೆಂದರೆ ಎರಡೂ ಕಡೆಯ ರೋಗಗಳ ಗಂಟು ಎಂದು ವಿರೋಧಿಗಳು. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನವರು ಸಾವಿರಾರು ಮಾಲೀಕರಿಂದ ಮಾಹಿತಿ ಪಡೆದು, ಕಾಕಪೂ, ಲ್ಯಾಬ್ರಡೂಡಲ್, ಕವಾಪೂಗಳನ್ನು ಅವುಗಳ ಶುದ್ಧ ತಳಿಯ ಮೂಲಗಳೊಡನೆ 57 ಸಾಮಾನ್ಯ ಕಾಯಿಲೆಗಳ ವಿಷಯದಲ್ಲಿ ಹೋಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ 86ಕ್ಕೂ ಹೆಚ್ಚು ಹೋಲಿಕೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಇಬ್ಬರ ವಾದವೂ ಬಿದ್ದುಹೋಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಬೇರೆಬೇರೆ ದೋಷವಿರುವ ಎರಡು ವಂಶಗಳು ಕೂಡಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚಬಹುದು. ಆದರೆ ಅಕ್ಷಿಪಟ ಕ್ರಮೇಣ ನಶಿಸಿ ಕುರುಡಾಗುವ ಒಂದು ವಂಶಪಾರಂಪರ್ಯ ಕಾಯಿಲೆ ಪೂಡಲ್‌ನಲ್ಲಿಯೂ ಇದೆ, ಲ್ಯಾಬ್ರಡಾರ್‌ನಲ್ಲಿಯೂ ಇದೆ, ಅದೂ ಒಂದೇ ಜೀನಿನ ದೋಷದಿಂದ. ಸೊಂಟದ ಕೀಲಿನ ದೋಷವೂ ಎರಡರಲ್ಲಿಯೂ ಉಂಟು. ಇಬ್ಬರ ಮನೆಯಲ್ಲಿಯೂ ಒಂದೇ ಸಾಲವಿದ್ದರೆ ಮದುವೆಯಿಂದ ಅದು ತೀರುವುದಿಲ್ಲ. ತಾಯಿ ತಂದೆ ಎರಡನ್ನೂ ಪರೀಕ್ಷಿಸಿದ್ದರೆ ಮಾತ್ರ ಮರಿಗೆ ರಕ್ಷೆ. ಬೆರಕೆಯಾದರೂ ಅಷ್ಟೇ, ಶುದ್ಧವಾದರೂ ಅಷ್ಟೇ.

ಇನ್ನು ಶುದ್ಧತೆಯ ಮಾತು. ನನಗೆ ಹೆಚ್ಚು ಕಿರಿಕಿರಿಯಾಗುವುದು ಇಲ್ಲಿಯೇ. ನಮ್ಮಲ್ಲಿ "ಜಾತಿನಾಯಿ" ಎಂದು ಒಂದು ಪದವಿದೆ, "ಕಂತ್ರಿನಾಯಿ" ಎಂದು ಇನ್ನೊಂದು. ಇಂಗ್ಲಿಷರ "ಕಂಟ್ರಿ" ನಮ್ಮ ಬಾಯಲ್ಲಿ ಕಂತ್ರಿಯಾಯಿತೆಂದು ಹೇಳುತ್ತಾರೆ. ಊರನಾಯಿ, ನಾಡನಾಯಿ ಎಂಬಷ್ಟೇ ಅರ್ಥದ ಮಾತು ನಮ್ಮಲ್ಲಿಗೆ ಬಂದು ಬೈಗುಳವಾಯಿತು, ಮನುಷ್ಯರಿಗೂ ಅನ್ವಯವಾಯಿತು. ಲ್ಯಾಬ್ರಡೂಡಲ್ ವಿರೋಧಿಗಳಲ್ಲಿ ಕೆಲವರು ಅದನ್ನು "ಬೆಲೆಬಾಳುವ ಕಂತ್ರಿ" ಎಂಬರ್ಥದಲ್ಲಿ ಹೀಯಾಳಿಸುವುದನ್ನು ಕಂಡಾಗ ನನಗೆ ನಮ್ಮ ಊರಿನ ಹಳೆಯ ಕಟ್ಟೆಯ ಮಾತುಗಳು ನೆನಪಾಗುತ್ತವೆ. ಆ ಶುದ್ಧ ತಳಿಗಳಾದರೂ ಎಂದಿನವು? ಇಂಗ್ಲೆಂಡಿನ ಕೆನಲ್ ಕ್ಲಬ್ ಆರಂಭವಾದದ್ದು 1873ರಲ್ಲಿ. ಅದಕ್ಕೆ ಐದು ವರ್ಷ ಮೊದಲು, 1868ರಲ್ಲಿ, ಸ್ಕಾಟ್ಲೆಂಡಿನ ಒಬ್ಬ ಶ್ರೀಮಂತ ತನ್ನ ಹಳದಿ ಬಣ್ಣದ ರಿಟ್ರೀವರನ್ನು ನೀರಿನ ಸ್ಪ್ಯಾನಿಯಲ್ ಒಂದರೊಡನೆ ಕೂಡಿಸಿದ. ಆ ಬೆರಕೆಯ ವಂಶವೇ ಇಂದಿನ ಗೋಲ್ಡನ್ ರಿಟ್ರೀವರ್. ಒಂದೂವರೆ ಶತಮಾನದ ಹಿಂದೆ ಅದೂ ಒಂದು ಲ್ಯಾಬ್ರಡೂಡಲ್ಲೇ.

ಮೇಲಾಗಿ, ವಂಶಾವಳಿಯ ಪುಸ್ತಕವನ್ನು ಮುಚ್ಚಿ, ಒಳಒಳಗೆ ಸಂಬಂಧ ಬೆಳೆಸಿದ ಪರಿಣಾಮವೇನೆಂಬುದನ್ನು 2008ರಲ್ಲಿ ಬಿಬಿಸಿಯ ಒಂದು ಸಾಕ್ಷ್ಯಚಿತ್ರ ತೋರಿಸಿತು. ತಲೆಬುರುಡೆ ಸಾಲದೆ ನರಳುವ ಕ್ಯಾವಲಿಯರ್ ನಾಯಿಗಳನ್ನು ನೋಡಿದವರು ಮರೆಯಲಾರರು. ಮರುವರ್ಷ ಬಿಬಿಸಿ ಪ್ರಸಿದ್ಧವಾದ ಕ್ರಫ್ಟ್ಸ್ ನಾಯಿ ಪ್ರದರ್ಶನದ ಪ್ರಸಾರವನ್ನೇ ಕೈಬಿಟ್ಟಿತು. ಸ್ವಗೋತ್ರದ ಮದುವೆ ಕೂಡದೆಂದ ನಮ್ಮ ಹಿರಿಯರು ಜಾತಿಯ ಬೇಲಿಯನ್ನೂ ಕಟ್ಟಿದರು. ಕೆನಲ್ ಕ್ಲಬ್ಬಿನವರು ಬೇಲಿಯನ್ನಷ್ಟೇ ಕಟ್ಟಿದರು. ಆದುದರಿಂದ ಬೆರಕೆಯೇ ಪಾಪವೆಂಬ ವಾದವನ್ನು ನಾನು ಒಪ್ಪಲಾರೆ. ಕಾನ್ರನ್ ಅವರ ಪಶ್ಚಾತ್ತಾಪವನ್ನೂ ಪೂರ್ತಿ ಒಪ್ಪಲಾರೆ. ಅಂಧ ಹೆಂಗಸಿಗೆ ನಾಯಿ ಕೊಟ್ಟದ್ದು ಪುಣ್ಯದ ಕೆಲಸ. ಹೆಸರಿನ ಬಲದಿಂದ ಮರಿ ಮಾರಬಹುದೆಂದು ಲೋಕಕ್ಕೆ ತೋರಿಸಿಕೊಟ್ಟದ್ದರ ಬಗ್ಗೆ ಮಾತ್ರ ಅವರು ಕೊರಗಿದ್ದರೆ ಸಾಕಾಗಿತ್ತು.

ಏಕೆಂದರೆ ಕೇಡು ಹೊಕ್ಕಿದ್ದು ಆ ಬಾಗಿಲಿಂದ. ಬೇಡಿಕೆ ಏರಿದಾಗ ಹೆಣ್ಣುನಾಯಿಗಳನ್ನು ಗೂಡುಗಳಲ್ಲಿ ಕೂಡಿಹಾಕಿ, ಸೂಲಿನ ಮೇಲೆ ಸೂಲು ಮರಿ ಹಾಕಿಸುವ ಕಾರ್ಖಾನೆಗಳು ಹುಟ್ಟಿಕೊಂಡವು. ವೇಲ್ಸ್ ಪ್ರಾಂತದ ಅಂಥದ್ದೊಂದು ಜಾಗದಿಂದ 2013ರಲ್ಲಿ ಬಿಡಿಸಿ ತಂದ ಲೂಸಿ ಎಂಬ ಕ್ಯಾವಲಿಯರ್ ಹೆಣ್ಣುನಾಯಿಯ ಹೆಸರಿನಲ್ಲಿಯೇ ಇಂಗ್ಲೆಂಡಿನಲ್ಲಿ ಏಪ್ರಿಲ್ 2020ರಿಂದ ಕಾನೂನು ಬಂದಿದೆ. ಆರು ತಿಂಗಳ ಒಳಗಿನ ಮರಿಯನ್ನು ದಲ್ಲಾಳಿಗಳು ಮಾರುವಂತಿಲ್ಲ. ಸಾಕಿದವರೇ ತಾಯಿಯೊಡನೆ ತೋರಿಸಿ ಮಾರಬೇಕು. ವಿಕ್ಟೋರಿಯಾದಲ್ಲಿ 2017ರಲ್ಲಿಯೇ ಮರಿ ಕಾರ್ಖಾನೆಗಳನ್ನೂ ಸಾಕುಪ್ರಾಣಿ ಅಂಗಡಿಗಳನ್ನೂ ಹಿಡಿತದಲ್ಲಿಡುವ ಶಾಸನವಾಯಿತು. ಕಾನೂನು ಒಳ್ಳೆಯದೇ. ಆದರೆ ನೋಡುವ ಕಣ್ಣು ಕೊಳ್ಳುವವನದಾಗಿರಬೇಕು.

ಇನ್ನೊಂದು ಮಾತನ್ನು ಮಾರುವವರು ಮೆಲ್ಲನೆ ಹೇಳುತ್ತಾರೆ, ಇಲ್ಲವೆ ಹೇಳುವುದೇ ಇಲ್ಲ. ಉದುರದ ಕೂದಲು ಎಲ್ಲಿಗೂ ಹೋಗದೆ ಮೈಮೇಲೆಯೇ ಜಡೆಗಟ್ಟುತ್ತದೆ. ಬುಡದವರೆಗೆ ಬಾಚದಿದ್ದರೆ ಗಂಟುಗಳು ಚರ್ಮವನ್ನು ಹಿಡಿದೆಳೆದು ಕೆಳಗೆ ಹುಣ್ಣಾಗುತ್ತದೆ. ಒಂದೂವರೆ ಎರಡು ತಿಂಗಳಿಗೊಮ್ಮೆ ಕ್ಷೌರ ಮಾಡಿಸಲೇಬೇಕು. ಆ ಖರ್ಚನ್ನೂ ಸಮಯವನ್ನೂ ಲೆಕ್ಕ ಹಾಕದೆ ತಂದವರು, ಬೊಂಬೆಯಂಥ ಮರಿ ದೊಡ್ಡದಾಗಿ ಮನೆ ತುಂಬ ಜಿಗಿಯತೊಡಗಿದಾಗ ಬೇಸತ್ತು ಕೈಬಿಡುತ್ತಾರೆ. ಲ್ಯಾಬ್ರಡಾರ್‌ನೂ ಪೂಡಲ್‌ನೂ ಬೇಟೆಗಾರನ ಜೊತೆ ದಿನವೆಲ್ಲ ದುಡಿಯಲು ಬೆಳೆಸಿದ ತಳಿಗಳು. ಅವೆರಡರ ಸಂತಾನ ದಿನವಿಡೀ ಸೋಫಾದ ಮೇಲೆ ಸುಮ್ಮನಿರಬೇಕೆಂದರೆ ಹೇಗೆ? "ತಲೆಕೆಟ್ಟ ನಾಯಿ" ಎಂದು ಜನ ದೂರುವುದರಲ್ಲಿ ಎಷ್ಟೋ ಪಾಲು ಕೆಲಸವಿಲ್ಲದ ಬುದ್ಧಿವಂತ ನಾಯಿಯ ಬೇಸರ. ನಮ್ಮ ತರಗತಿಗಳ ಕೊನೆಯ ಬೆಂಚಿನಲ್ಲಿಯೂ ಅಂಥ ಬೇಸರ ನಾನು ಕಂಡದ್ದುಂಟು.

ಇಷ್ಟೆಲ್ಲ ಹೇಳಿದ ಮೇಲೆ ಇಂಗ್ಲೆಂಡಿನ ಆ ವಿದ್ಯಾರ್ಥಿಗೆ ಬರೆದ ನಾಲ್ಕು ಸಾಲು ಇಲ್ಲಿದೆ. ಮೊದಲು ಮಗುವನ್ನು ಅಲರ್ಜಿ ತಜ್ಞರಲ್ಲಿಗೆ ಕರೆದೊಯ್ಯಿ; ಅವರು ಬೇಡವೆಂದರೆ ಯಾವ ತಳಿಯೂ ಬೇಡ. ಸರಿಯೆಂದರೆ, ತಳಿಯ ಹೆಸರನ್ನು ನಂಬದೆ, ಇದೇ ನಾಯಿ ಎಂದು ಗೊತ್ತುಮಾಡಿಕೊಂಡ ಒಂದು ನಾಯಿಯ ಜೊತೆ ಮಗು ಹಲವು ದಿನ, ಹಲವು ಗಂಟೆ ಕಳೆಯಲಿ, ಸಾಧ್ಯವಾದರೆ ಬೆಳೆದ ನಾಯಿಯಾಗಿರಲಿ. ಅನಾಥ ನಾಯಿಗಳ ಆಶ್ರಯಗಳಲ್ಲಿ ಅಂಥವು ಸಿಗುತ್ತವೆ. ಮರಿಯೇ ಬೇಕೆಂದರೆ ತಾಯಿಯನ್ನು ಕಣ್ಣಾರೆ ನೋಡು, ತಾಯಿ ತಂದೆ ಎರಡರ ಕಣ್ಣು ಮತ್ತು ಸೊಂಟದ ಪರೀಕ್ಷೆಯ ಕಾಗದ ಕೇಳು. "ಅಲರ್ಜಿ ಆಗುವುದೇ ಇಲ್ಲ" ಎಂದು ನೂರಕ್ಕೆ ನೂರು ಭರವಸೆ ಕೊಡುವವನಿಂದ ಕೊಳ್ಳಲೇಬೇಡ. ಆತ ಒಂದೋ ತಿಳಿಯದವನು, ಇಲ್ಲವೆ ತಿಳಿದೂ ಹೇಳುವವನು.

ಆ ಕೊನೆಯ ಸಾಲನ್ನು ಬರೆದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. 2018ರಲ್ಲಿ ನನ್ನ ಮಗಳಿಗೆ ನೂರಕ್ಕೆ ನೂರು ಭರವಸೆ ಕೊಟ್ಟವರು ಇಬ್ಬರು. ಒಬ್ಬರು ಹಣ ಪಡೆದು ಕೊಟ್ಟರು. ಇನ್ನೊಬ್ಬ, ಪುಸ್ತಕ ತೆರೆಯುವ ಶ್ರಮವನ್ನೂ ಪಡದೆ, ಮೇಷ್ಟ್ರೆಂಬ ಗೌರವದ ಬಲದಿಂದ ಕೊಟ್ಟ. ನನ್ನ ಮಾತಿಗೆ ಹೆಚ್ಚು ಬೆಲೆಯಿತ್ತು. ಆದುದರಿಂದ ತಪ್ಪೂ ನನ್ನದೇ ಹೆಚ್ಚು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಈಗ ಅಧ್ಯಾಪಕರು, ವೈದ್ಯರು, ಎಂಜಿನಿಯರುಗಳು. ಮನೆಯವರು, ನೆಂಟರು ನಿಮ್ಮನ್ನು ಏನಾದರೂ ಕೇಳಿದಾಗ "ನೋಡಿ ಹೇಳುತ್ತೇನೆ" ಎಂದು ಒಂದು ದಿನ ತೆಗೆದುಕೊಳ್ಳಿರಿ. ನನ್ನ ಮೊಮ್ಮಗಳ ಪ್ರಶ್ನೆ ನಿಮಗೆ ಬಾರದಿರಲಿ.

ಲಡ್ಡು ಈಗಲೂ ಚೆನ್ನಾಗಿದೆ. ಸಮುದ್ರದ ದಡದ ಹತ್ತಿರ ಅದರ ಹೊಸ ಮನೆ. ದಿನವೂ ನೀರಿಗಿಳಿದು ಈಜುತ್ತದಂತೆ. ಮೊಮ್ಮಗಳು ಈಗ ಕಾಲೇಜಿಗೆ ಹೋಗುವ ಹುಡುಗಿ. ತಿಂಗಳಿಗೊಮ್ಮೆ ಮಾತ್ರೆ ನುಂಗಿ, ಉಸಿರಿನ ಪಂಪನ್ನು ಚೀಲದಲ್ಲಿಟ್ಟುಕೊಂಡು ಅದನ್ನು ನೋಡಲು ಹೋಗುತ್ತಾಳೆ. ಹೊರಗೆ ಬಯಲಲ್ಲಿ ಒಂದು ಗಂಟೆ ಆಡಿ, ಕೈ ತೊಳೆದು ಹಿಂದಿರುಗುತ್ತಾಳೆ. ನನ್ನನ್ನು ಆಕೆ ಎಂದೋ ಕ್ಷಮಿಸಿದ್ದಾಳೆ. ಆದರೂ ನಾನೇನಾದರೂ ಖಚಿತವಾಗಿ ಹೇಳಿದರೆ ಫೋನಿನಲ್ಲಿ ನಗುತ್ತ, "ಅಜ್ಜ, ಪುಸ್ತಕ ನೋಡಿ ಹೇಳ್ತಿದ್ದೀರಾ?" ಎಂದು ಕೇಳುವುದನ್ನು ಮಾತ್ರ ಬಿಟ್ಟಿಲ್ಲ.